ಪವರ್ ಪ್ರೆಸ್‌ನಲ್ಲಿ ಬೆರಳು ಕಳೆದುಕೊಂಡ ಹದಿನೇಳರ ಹುಡುಗ: ವಯಸ್ಸು ಮುಚ್ಚಿಟ್ಟು ಸೇರಿದ್ದರೆ ಪರಿಹಾರ ಇಲ್ಲವೇ?

ಪ್ರಶ್ನೆ: ನಮ್ಮದು ಯಾದಗಿರಿ ಜಿಲ್ಲೆಯ ಒಂದು ಹಳ್ಳಿ. ನನ್ನ ಅಕ್ಕನ ಮಗ ಎಸ್ಸೆಸ್ಸೆಲ್ಸಿ ಮುಗಿಸಿ, ಪಿಯುಸಿ ಅರ್ಧಕ್ಕೆ ಬಿಟ್ಟು, ಊರಿನವರ ಜೊತೆ ಬೆಂಗಳೂರಿಗೆ ಹೋಗಿ ಪೀಣ್ಯದ ಒಂದು ಶೀಟ್ ಮೆಟಲ್ ಕಾರ್ಖಾನೆಯಲ್ಲಿ ಕಾಂಟ್ರಾಕ್ಟರ್ ಮೂಲಕ ಹೆಲ್ಪರ್ ಆಗಿ ಸೇರಿದ. ತಿಂಗಳಿಗೆ 12,000 ರೂಪಾಯಿ ಸಂಬಳ. ಅಲ್ಲಿ ಸುಮಾರು ನಲವತ್ತು ಜನ ಕೆಲಸ ಮಾಡುತ್ತಾರೆ. ಸೇರಿದ ಮೂರನೇ ವಾರಕ್ಕೇ ಅವನನ್ನು ಲೋಹದ ಹಾಳೆಗೆ ಅಚ್ಚೊತ್ತುವ ಪವರ್ ಪ್ರೆಸ್ ಮೇಲೆ ಕೂರಿಸಿದ್ದಾರೆ. 2025ರ ಜುಲೈನಲ್ಲಿ ರಾತ್ರಿ ಪಾಳಿಯಲ್ಲಿ ಬಲಗೈ ಅದರ ಡೈಯೊಳಗೆ (ಅಚ್ಚಿನೊಳಗೆ) ಸಿಕ್ಕಿ ತೋರುಬೆರಳು ಬುಡದಿಂದಲೇ ಹೋಯಿತು, ನಡುಬೆರಳಿನ ತುದಿಯ ಗೆಣ್ಣೂ ಹೋಯಿತು. ಆಗ ಅವನಿಗೆ 17 ವರ್ಷ 4 ತಿಂಗಳು. ಕೆಲಸಕ್ಕೆ ಸೇರುವಾಗ ಅಣ್ಣನ ಆಧಾರ್ ಕಾರ್ಡ್ ಕೊಟ್ಟಿದ್ದ. ಆಸ್ಪತ್ರೆಯ ಖರ್ಚನ್ನು ಮಾಲೀಕರೇ ಕೊಟ್ಟರು. ಮೂರು ತಿಂಗಳು ಹುಡುಗ ಸಂಬಳವಿಲ್ಲದೆ ಮನೆಯಲ್ಲಿದ್ದ. ಈಗ 40,000 ರೂಪಾಯಿ ಕೊಡುತ್ತೇವೆ, ಛಾಪಾ ಕಾಗದಕ್ಕೆ ಸಹಿ ಹಾಕಿ, 18 ತುಂಬಿದ ಮೇಲೆ ಪರ್ಮನೆಂಟ್ ಮಾಡಿಕೊಳ್ಳುತ್ತೇವೆ ಎನ್ನುತ್ತಿದ್ದಾರೆ. ಸುಳ್ಳು ದಾಖಲೆ ಕೊಟ್ಟವನಿಗೆ ಕಾನೂನಿನಲ್ಲಿ ಏನೂ ಸಿಗುವುದಿಲ್ಲ, ದೂರು ಕೊಟ್ಟರೆ ಮಗನನ್ನು ದುಡಿಯಲು ಕಳಿಸಿದ ತಾಯಿಯ ಮೇಲೇ ಕೇಸಾಗುತ್ತದೆ ಎಂದೂ ಹೇಳುತ್ತಾರೆ. ಸೂಪರ್‌ವೈಸರ್ ಪ್ರಕಾರ ತಪ್ಪು ಹುಡುಗನದೇ, ನಿದ್ದೆಗಣ್ಣಿನಲ್ಲಿ ಕೈ ಇಟ್ಟ ಎಂದು. ನಾವು ಏನು ಮಾಡಬೇಕು? ಅವನು ಮುಂದೆ ಕೆಲಸ ಮಾಡಬಲ್ಲನೇ?

ಉತ್ತರ: ನಿಮ್ಮ ಪತ್ರದಲ್ಲಿರುವುದು ಮೂರು ಭಯಗಳು. ವಯಸ್ಸನ್ನು ಮುಚ್ಚಿಟ್ಟಿದ್ದರಿಂದ ಹಕ್ಕು ಹೋಯಿತೇ, ತಪ್ಪು ಹುಡುಗನದಾದರೆ ಪರಿಹಾರ ಇಲ್ಲವೇ, ತಾಯಿ ಸಿಕ್ಕಿಬೀಳುತ್ತಾಳೆಯೇ. ಕಾರ್ಖಾನೆಗಳಲ್ಲಿ ಗಾಯಗೊಂಡವರ ಕೈಗಳನ್ನು ಪರೀಕ್ಷಿಸಿ, ಅಂಗವಿಕಲತೆಯ ಪ್ರಮಾಣವನ್ನು ಬರೆದುಕೊಟ್ಟು, ಪರಿಹಾರದ ವಿಚಾರಣೆಗಳಲ್ಲಿ ಸಾಕ್ಷಿ ಹೇಳುವುದು ನನ್ನ ವೃತ್ತಿಯ ಭಾಗವಾಗಿರುವುದರಿಂದ, ಈ ಮೂರೂ ಮಾತುಗಳನ್ನು ಹೆಚ್ಚುಕಡಿಮೆ ಇದೇ ಶಬ್ದಗಳಲ್ಲಿ ಬೇರೆ ಬೇರೆ ಕುಟುಂಬಗಳಿಂದ ಕೇಳುತ್ತಲೇ ಇರುತ್ತೇನೆ. ಮೂರಕ್ಕೂ ಉತ್ತರ ನಿಮ್ಮ ಪರವಾಗಿಯೇ ಇದೆ. ಆದರೆ ಹುಡುಗನ ನಿಜವಾದ ವಯಸ್ಸನ್ನು ಮುಚ್ಚಿಡುವುದನ್ನು ಇಂದೇ ನಿಲ್ಲಿಸಬೇಕು. ಆ ಛಾಪಾ ಕಾಗದಕ್ಕೆ ಸದ್ಯಕ್ಕೆ ಯಾರೂ ಸಹಿ ಹಾಕಬೇಡಿ.

ವಯಸ್ಸಿನಿಂದಲೇ ಆರಂಭಿಸೋಣ. ಅಪ್ರಾಪ್ತ ವಯಸ್ಸಿನವನಿಗೆ ಪರಿಹಾರವಿಲ್ಲ ಎಂಬುದು ಶುದ್ಧ ಸುಳ್ಳು. 1923ರ ನೌಕರರ ಪರಿಹಾರ ಕಾಯ್ದೆಯ ನಾಲ್ಕನೇ ಅನುಸೂಚಿಯಲ್ಲಿ, ಗಾಯಾಳುವಿನ ವಯಸ್ಸಿಗೆ ತಕ್ಕಂತೆ ಪರಿಹಾರವನ್ನು ಲೆಕ್ಕ ಹಾಕುವ ಗುಣಕಗಳ ಪಟ್ಟಿ ಇದೆ. ಅದರ ಮೊದಲ ಸಾಲೇ ‘16 ವರ್ಷ ಮೀರದವರು’ ಎಂದಿದ್ದು, ಅವರಿಗೆ 228.54, ಹದಿನೇಳು ತುಂಬಿದವರಿಗೆ 227.49 ಎಂದು ನಿಗದಿಯಾಗಿದೆ. ಮುಂದೆ ದುಡಿಯಬೇಕಾದ ವರ್ಷಗಳು ಹೆಚ್ಚು ಎಂಬ ಕಾರಣಕ್ಕೆ ಚಿಕ್ಕವರಿಗೇ ದೊಡ್ಡ ಗುಣಕವನ್ನು ಕೊಟ್ಟಿರುವ ಕಾನೂನು, ಚಿಕ್ಕವನೆಂಬ ಕಾರಣಕ್ಕೆ ಅವನನ್ನು ಹೊರಗಿಡಲು ಸಾಧ್ಯವಿಲ್ಲ. ಲಿಖಿತ ನೇಮಕಾತಿ ಪತ್ರ ಇಲ್ಲ ಎನ್ನುವುದೂ ಅಡ್ಡಿಯಲ್ಲ, ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ. ಕಾಂಟ್ರಾಕ್ಟರ್ ಮೂಲಕ ಬಂದವನು ಎಂಬ ಕಾರಣಕ್ಕೆ ಕಾರ್ಖಾನೆಯ ಮಾಲೀಕರ ಹೊಣೆಯೂ ತಪ್ಪುವುದಿಲ್ಲ.

ಇನ್ನು, ವಯಸ್ಸನ್ನು ತಿಳಿದುಕೊಳ್ಳುವ ಹೊಣೆ ಯಾರದು ಎಂಬ ಪ್ರಶ್ನೆ. ಅಪಘಾತವಾದ ದಿನ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯಂತೆ, 15ರಿಂದ 18ರೊಳಗಿನ ಹುಡುಗನನ್ನು ವಯಸ್ಕನಂತೆ ದುಡಿಸಬೇಕಾದರೆ ಸರ್ಟಿಫೈಯಿಂಗ್ ಸರ್ಜನ್ (ಇದಕ್ಕಾಗಿ ಸರ್ಕಾರ ನೇಮಿಸಿದ ವೈದ್ಯರು) ಅವನನ್ನು ಪರೀಕ್ಷಿಸಿ ಕೊಟ್ಟ ದೇಹದಾರ್ಢ್ಯ ಪ್ರಮಾಣಪತ್ರ ಮಾಲೀಕರ ಬಳಿ ಇರಬೇಕಿತ್ತು. ಆ ಪತ್ರ ಇಲ್ಲದವನನ್ನು, ಅವನ ವಯಸ್ಸು ಹದಿನೇಳೂಮುಕ್ಕಾಲೇ ಆಗಿದ್ದರೂ, ಕಾಯ್ದೆ ‘ಮಗು’ ಎಂದೇ ಪರಿಗಣಿಸುತ್ತಿತ್ತು. ಅಂಥವನನ್ನು ದಿನಕ್ಕೆ ನಾಲ್ಕೂವರೆ ಗಂಟೆಗಿಂತ ಹೆಚ್ಚು ದುಡಿಸುವಂತಿರಲಿಲ್ಲ, ರಾತ್ರಿ ಪಾಳಿಗೆ ಹಾಕುವಂತೆಯೇ ಇರಲಿಲ್ಲ. ಆಧಾರ್ ಕಾರ್ಡಿನ ಭಾವಚಿತ್ರವನ್ನೂ ಮೀಸೆ ಮೂಡದ ಮುಖವನ್ನೂ ಹೋಲಿಸಿ ನೋಡಲು ಯಾವ ತಜ್ಞರೂ ಬೇಕಾಗುವುದಿಲ್ಲ. ಇಂಥ ಪ್ರಕರಣಗಳಲ್ಲಿ ಬಹಳಷ್ಟು ಸಲ ‘ಯಾರದ್ದಾದರೂ ಕಾರ್ಡ್ ತಾ’ ಎಂದು ಹೇಳಿಕೊಡುವವನೇ ಕಾಂಟ್ರಾಕ್ಟರ್. ನಿಮ್ಮ ಹುಡುಗನ ವಿಚಾರದಲ್ಲಿ ಹಾಗೆ ನಡೆದಿದ್ದರೆ ಅದನ್ನು ಅವನು ಯಾವ ಸಂಕೋಚವೂ ಇಲ್ಲದೆ ಹೇಳಬೇಕು.

ಹಾಗೆಂದು ಅಣ್ಣನ ಆಧಾರ್ ವಿಷಯ ಸಣ್ಣದೂ ಅಲ್ಲ. ಇಎಸ್‌ಐ (ನೌಕರರ ರಾಜ್ಯ ವಿಮೆ) ನೋಂದಣಿ, ಆಸ್ಪತ್ರೆಯ ಚೀಟಿ, ಹಾಜರಿ ಎಲ್ಲವೂ ಅಣ್ಣನ ಹೆಸರಿನಲ್ಲಿದ್ದರೆ, ದಾಖಲೆಗಳ ಪ್ರಕಾರ ಬೆರಳು ಕಳೆದುಕೊಂಡವನು ಹತ್ತೂ ಬೆರಳು ನೆಟ್ಟಗಿರುವ ಅಣ್ಣ! ಈ ಗೊಂದಲವನ್ನು ಹಾಗೆಯೇ ಮುಂದುವರಿಸಿ ಅಣ್ಣನ ಹೆಸರಿನಲ್ಲೇ ಸೌಲಭ್ಯ ಪಡೆಯಲು ಹೋದರೆ ಅದು ಸುಳ್ಳು ಹೇಳಿಕೆಯ ಅಪರಾಧವಾಗುತ್ತದೆ, ಮುಂದೆ ಅಣ್ಣನಿಗೂ ತೊಂದರೆ. ಆದ್ದರಿಂದ ಮೊದಲ ಹೆಜ್ಜೆಯಾಗಿ ಹುಡುಗನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಜನನ ಪ್ರಮಾಣಪತ್ರ ಮತ್ತು ಅವನದೇ ಆಧಾರ್ ಪ್ರತಿಗಳನ್ನು ಜೋಡಿಸಿ, ‘ಕೆಲಸಕ್ಕೆ ಸೇರುವಾಗ ಇಂಥವರ ಕಾರ್ಡ್ ಕೊಡಲಾಗಿತ್ತು, ಗಾಯಗೊಂಡವನು ನಾನು’ ಎಂದು ನಡೆದದ್ದನ್ನು ನಡೆದಂತೆ ಬರೆದ ಪ್ರಮಾಣಪತ್ರವನ್ನು (ಅಫಿಡವಿಟ್) ನೋಟರಿ ಮುಂದೆ ಮಾಡಿಸಿ. ವಕೀಲರೊಬ್ಬರು ಅದನ್ನು ಓದಿ ಒಪ್ಪಿದ ಮೇಲೆಯೇ ಸಹಿ ಮಾಡಿಸಿ.

ತಾಯಿಯ ಭಯಕ್ಕೆ ಉತ್ತರ ಚಿಕ್ಕದು. 1986ರ ಬಾಲ ಮತ್ತು ಕಿಶೋರ ಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿಯ ನಂತರ, ಅಪಾಯಕಾರಿ ಕೆಲಸಕ್ಕೆ 14ರಿಂದ 18ರೊಳಗಿನವರನ್ನು ನೇಮಿಸಿಕೊಂಡ ಮಾಲೀಕರಿಗೆ 6 ತಿಂಗಳಿಂದ 2 ವರ್ಷದವರೆಗೆ ಜೈಲು, ಅಥವಾ 20,000ದಿಂದ 50,000 ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಅದೇ ಕಾಯ್ದೆ ತಂದೆತಾಯಿಗೆ ಮೊದಲ ಸಲದ ತಪ್ಪಿಗೆ ಶಿಕ್ಷೆ ಇಲ್ಲ ಎಂದು ಸ್ಪಷ್ಟವಾಗಿ ಹೇಳುತ್ತದೆ. ಶೀಟ್ ಮೆಟಲ್ ಕೆಲಸ ಆ ಕಾಯ್ದೆಯ ಅಪಾಯಕಾರಿ ಕೆಲಸಗಳ ಪಟ್ಟಿಯಡಿ ಬರುತ್ತದೆಯೇ ಎಂಬುದನ್ನು ಅಧಿಕಾರಿಗಳು ತೀರ್ಮಾನಿಸಲಿ. ನಿಮ್ಮ ಪರಿಹಾರದ ಹಕ್ಕು ಆ ತೀರ್ಮಾನದ ಮೇಲೆ ನಿಂತಿಲ್ಲ.

ಈಗ ತಪ್ಪು ಯಾರದು ಎಂಬ ಮಾತು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹುಡುಗನೂ ಈಗಾಗಲೇ ತನ್ನದೇ ತಪ್ಪು ಎಂದು ನಂಬಿರುವ ಸಾಧ್ಯತೆ ಹೆಚ್ಚು.

ಬಲಗೈಯ ತೋರುಬೆರಳು ಬುಡದಿಂದ, ನಡುಬೆರಳು ತುದಿಯಿಂದ ಹೋಗಿದೆ ಎಂದರೆ, ಕೈ ಯಾವ ಭಂಗಿಯಲ್ಲಿತ್ತು ಎಂಬುದನ್ನು ಗಾಯವೇ ಹೇಳುತ್ತದೆ. ಅಚ್ಚು ಬಿದ್ದ ತುಂಡನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಚಿವುಟಿ ಹಿಡಿದು ಡೈಯಿಂದ ಎತ್ತುವಾಗ ಬೆರಳುಗಳು ಇರುವುದು ಹಾಗೆಯೇ. ಮೈಮರೆತು ಎಲ್ಲೋ ಇಟ್ಟ ಕೈಗೆ ಸಾಮಾನ್ಯವಾಗಿ ಬೇರೆ ಬಗೆಯ ಗಾಯವಾಗುತ್ತದೆ. ಎಂದರೆ ಅವನು ಮಾಡುತ್ತಿದ್ದುದು ಅವನಿಗೆ ಹೇಳಿದ್ದ ಕೆಲಸವನ್ನೇ. ಚಿಮಟವಾಗಲಿ, ಮ್ಯಾಗ್ನೆಟ್ ಕಡ್ಡಿಯಾಗಲಿ ಕೊಟ್ಟಿದ್ದರೇ ಎಂದು ಅವನನ್ನು ಕೇಳಿ ನೋಡಿ.

ನಮ್ಮ ಸಣ್ಣ ಕಾರ್ಖಾನೆಗಳಲ್ಲಿರುವ ಹಳೆಯ ಪ್ರೆಸ್‌ಗಳಲ್ಲಿ ಹೆಚ್ಚಿನವು ಪಿನ್ ಕ್ಲಚ್‌ನವು. ದೊಡ್ಡ ಗಾಲಿ ಸದಾ ತಿರುಗುತ್ತಿರುತ್ತದೆ. ಕಾಲಿನ ಪೆಡಲ್ ಒತ್ತಿದಾಗ ಪಿನ್ ಹೋಗಿ ಕೂರುತ್ತದೆ, ಏಟು ಹಾಕುವ ಭಾಗವಾದ ರ‍್ಯಾಮ್ ಕೆಳಗಿಳಿದು ಮೇಲೆ ಬರುತ್ತದೆ. ಪಿನ್ ಒಮ್ಮೆ ಕೂತಿತೆಂದರೆ ಸುತ್ತು ಮುಗಿಯುವವರೆಗೆ ಅದನ್ನು ತಡೆಯಲು ಬರುವುದಿಲ್ಲ. ಪೆಡಲ್‌ನಿಂದ ಕಾಲು ತೆಗೆದರೂ, ಸ್ವಿಚ್ ಆರಿಸಿದರೂ ಆ ಏಟು ಬಿದ್ದೇ ಬೀಳುತ್ತದೆ. ಪಿನ್ ಅಥವಾ ಸ್ಪ್ರಿಂಗ್ ಸವೆದಿದ್ದರೆ ಇನ್ನೂ ಕೆಟ್ಟದ್ದು ನಡೆಯುತ್ತದೆ: ಪೆಡಲ್ ಒತ್ತದೆಯೇ ರ‍್ಯಾಮ್ ಎರಡನೇ ಸಲ ಇಳಿಯುತ್ತದೆ. ಇದನ್ನು ‘ಡಬಲ್ ಹೊಡೆಯಿತು’ ಎನ್ನುತ್ತಾರೆ. ತುಂಡು ಎತ್ತಲು ಕೈ ಒಳಗೆ ಹೋಗಿರುವುದೂ ಸರಿಯಾಗಿ ಆ ಕ್ಷಣದಲ್ಲೇ. ಹುಡುಗನಿಗೆ ನೆನಪಿದ್ದರೆ, ತಾನು ಪೆಡಲ್ ಒತ್ತಿದ್ದೆನೇ ಇಲ್ಲವೇ, ಆ ಪ್ರೆಸ್ ಹಿಂದೆಯೂ ಡಬಲ್ ಹೊಡೆದದ್ದುಂಟೇ, ಅದನ್ನು ಯಾರಿಗಾದರೂ ಹೇಳಲಾಗಿತ್ತೇ ಎಂಬುದನ್ನು ಅವನ ಮಾತಿನಲ್ಲೇ ಬರೆದಿಡಿ.

ಅಪಘಾತವಾದ ಮೇಲೆ ಕೆಲವು ಮಾಲೀಕರು ಪ್ರೆಸ್‌ಗೆ ಲೈಟ್ ಸೆನ್ಸರ್ ಹಾಕಿಸಿ ‘ಸೇಫ್ಟಿ ಇದೆಯಲ್ಲ’ ಎಂದು ತೋರಿಸುವುದನ್ನು ಕಂಡಿದ್ದೇನೆ. ಅರ್ಧ ದಾರಿಯಲ್ಲಿ ನಿಲ್ಲಲಾರದ ಪಿನ್ ಕ್ಲಚ್ ಪ್ರೆಸ್‌ಗೆ ಸೆನ್ಸರ್ ಹಾಕಿ ಏನೂ ಉಪಯೋಗವಿಲ್ಲ. ಅದು ಕೈಯನ್ನು ಗುರುತಿಸುತ್ತದೆ, ರ‍್ಯಾಮನ್ನು ನಿಲ್ಲಿಸಲಾರದು. ಅಂಥ ಯಂತ್ರಕ್ಕೆ ಬೇಕಾದದ್ದು ಕೈ ಒಳಗೆ ಹೋಗಲು ಜಾಗವನ್ನೇ ಬಿಡದ ಗಟ್ಟಿ ಗಾರ್ಡ್. ಅದನ್ನು ಹಾಕಿದರೆ ಗಂಟೆಗೆ ಬೀಳುವ ತುಂಡುಗಳ ಸಂಖ್ಯೆ ಕಡಿಮೆಯಾಗುತ್ತದೆ ಎಂದು ಬಿಚ್ಚಿ ಮೂಲೆಗಿಟ್ಟಿರುತ್ತಾರೆ.

ಇದರ ಜೊತೆಗೆ ಹದಿಹರೆಯದ ದೇಹದ ಸ್ವಭಾವವನ್ನೂ ಸೇರಿಸಿ. ಯಾವ ವಯಸ್ಸಿನವರಿಗಾದರೂ ಹೊಸ ಕೆಲಸದ ಮೊದಲ ಕೆಲವು ವಾರಗಳಲ್ಲಿ ಗಾಯದ ಸಂಭವ ಹೆಚ್ಚು, ಹದಿನೇಳರ ಹುಡುಗನಿಗಂತೂ ಬಹುತೇಕ ಪ್ರತಿಯೊಂದು ಕೆಲಸವೂ ಹೊಸದೇ. ಆ ವಯಸ್ಸಿನಲ್ಲಿ ನಿದ್ದೆಯ ಅಗತ್ಯ ದೊಡ್ಡವರಿಗಿಂತ ಹೆಚ್ಚು. ರಾತ್ರಿ ಪಾಳಿ ಮುಗಿಸಿ, ಐದಾರು ಜನ ಇರುವ ಶೀಟಿನ ಕೋಣೆಯಲ್ಲಿ ಹಗಲು ಮಲಗಿದವನಿಗೆ ಅದು ಪೂರೈಸುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು, ‘ಅಣ್ಣಾ, ಈ ಮಷೀನ್ ಸರಿಯಿಲ್ಲ’ ಎಂದು ಸೂಪರ್‌ವೈಸರ್‌ಗೆ ಹೇಳುವ ಧೈರ್ಯ ಅವನಿಗಿರುವುದಿಲ್ಲ. ಊರಿಗೆ ವಾಪಸ್ ಕಳಿಸಿಬಿಟ್ಟರೆ ಎಂಬ ಹೆದರಿಕೆ. ಬೇರೊಬ್ಬರ ಕಾರ್ಡ್ ಕೊಟ್ಟು ಸೇರಿದವನಿಗೆ ಆ ಹೆದರಿಕೆ ಇಮ್ಮಡಿ. ಸೂಪರ್‌ವೈಸರ್ ಹೇಳುವ ‘ನಿದ್ದೆಗಣ್ಣು’ ನಿಜವೇ ಇರಬಹುದು, ಆದರೆ ಅವನನ್ನು ಆ ಹೊತ್ತಿನಲ್ಲಿ ಅಲ್ಲಿ ಕೂರಿಸಿದವರು ಯಾರು ಎಂಬುದಕ್ಕೂ ಅವರೇ ಉತ್ತರ ಹೇಳಬೇಕು. ಅಪಾಯಕಾರಿ ಯಂತ್ರದ ಮೇಲೆ 18ರೊಳಗಿನವರನ್ನು ಹಾಕಬೇಕಾದರೆ ಅಪಾಯಗಳನ್ನು ಪೂರ್ತಿ ತಿಳಿಸಿ, ಸಾಕಷ್ಟು ತರಬೇತಿ ಕೊಟ್ಟಿರಬೇಕು ಇಲ್ಲವೇ ಬಲ್ಲವರು ಪಕ್ಕದಲ್ಲಿದ್ದು ನೋಡಿಕೊಳ್ಳಬೇಕು ಎಂದು ಕಾರ್ಖಾನೆಗಳ ಕಾಯ್ದೆಯ 23ನೇ ಕಲಮು ಹೇಳುತ್ತಿತ್ತು.

ಕಾನೂನಿನ ದೃಷ್ಟಿಯಿಂದಲೂ ಮಾಮೂಲಿ ಅಜಾಗರೂಕತೆ ಪರಿಹಾರವನ್ನು ತಪ್ಪಿಸುವುದಿಲ್ಲ. ನೌಕರರ ಪರಿಹಾರ ಕಾಯ್ದೆಯಡಿ ಭಾಗಶಃ ಅಂಗನಷ್ಟದ ಪ್ರಕರಣದಲ್ಲಿ ಮಾಲೀಕರು ನುಣುಚಿಕೊಳ್ಳಬೇಕಾದರೆ, ಗಾಯಾಳು ಕುಡಿದಿದ್ದ, ಅಥವಾ ಸುರಕ್ಷತೆಗಾಗಿ ಸ್ಪಷ್ಟವಾಗಿ ಕೊಟ್ಟ ಆಜ್ಞೆಯನ್ನು ಬೇಕೆಂದೇ ಮೀರಿದ, ಅಥವಾ ರಕ್ಷಣೆಗೆ ಹಾಕಿದ್ದೆಂದು ಗೊತ್ತಿದ್ದೂ ಗಾರ್ಡನ್ನು ಬೇಕೆಂದೇ ತೆಗೆದ ಎಂದು ಸಾಬೀತು ಮಾಡಬೇಕು. ಇಲ್ಲಿ ಒಂದು ಎಚ್ಚರಿಕೆ ಬೇಕು: ಆ ಛಾಪಾ ಕಾಗದದಲ್ಲಿ ‘ನಾನೇ ಗಾರ್ಡ್ ತೆಗೆದು ಕೆಲಸ ಮಾಡಿದೆ’ ಎಂಬ ಒಂದು ಸಾಲು ಸೇರಿಕೊಂಡಿರುವ ಸಂಭವವಿದೆ. ಅದಕ್ಕೇ ಸಹಿ ಬೇಡ ಎಂದದ್ದು.

ಈಗ ನಿಮ್ಮ ಮುಂದಿರುವ ದಾರಿಗಳು. ಕಾರ್ಖಾನೆಯಲ್ಲಿ ನಲವತ್ತು ಜನ ಇದ್ದಾರೆ ಎಂದಿದ್ದೀರಿ. ಹತ್ತು ಅಥವಾ ಹೆಚ್ಚು ಜನರಿರುವ ಕಾರ್ಖಾನೆಗೆ ಇಎಸ್‌ಐ ಕಡ್ಡಾಯ, ಮತ್ತು 21,000 ರೂಪಾಯಿವರೆಗಿನ ಸಂಬಳದವರೆಲ್ಲ ಅದರೊಳಗೆ ಬರುತ್ತಾರೆ, ಕಾಂಟ್ರಾಕ್ಟ್ ಕೆಲಸಗಾರರೂ ಸಹ. ಆದ್ದರಿಂದ ನಿಮಗೆ ಮೊದಲ ಬಾಗಿಲು ಇಎಸ್‌ಐ. ಕೆಲಸದಲ್ಲಾದ ಗಾಯಕ್ಕೆ ಇಷ್ಟು ತಿಂಗಳು ವಂತಿಗೆ ಕಟ್ಟಿರಬೇಕು ಎಂಬ ಷರತ್ತಿಲ್ಲ, ಸೇರಿದ ಮೊದಲ ದಿನದಿಂದಲೇ ರಕ್ಷಣೆ ಇದೆ. ಮಾಲೀಕರು ನೋಂದಾಯಿಸಿರಲಿಲ್ಲ ಎಂಬುದೂ ಹುಡುಗನ ಹಕ್ಕನ್ನು ಕಸಿಯುವುದಿಲ್ಲ, ಇಎಸ್‌ಐ ನಿಗಮವು ಸೌಲಭ್ಯ ಕೊಟ್ಟು ಮಾಲೀಕರಿಂದ ವಸೂಲು ಮಾಡಿಕೊಳ್ಳಬಹುದು.

ಲೆಕ್ಕ ಹೀಗಿದೆ. ಕೆಲಸ ಮಾಡಲಾಗದ ದಿನಗಳಿಗೆ ಸಂಬಳದ ಶೇ 90. ದಿನಕ್ಕೆ 400 ರೂಪಾಯಿ ಎಂದು ಹಿಡಿದರೆ 360, ಮೂರು ತಿಂಗಳಿಗೆ 32,000ಕ್ಕೂ ಮೇಲಾಯಿತು. ನಿಮಗೆ ಕೊಡುತ್ತೇವೆ ಎನ್ನುತ್ತಿರುವ 40,000 ರೂಪಾಯಿ ಹೆಚ್ಚುಕಡಿಮೆ ಇದೊಂದಕ್ಕೇ ಸರಿಹೋಗುತ್ತದೆ! ಬೆರಳಿನ ನಷ್ಟಕ್ಕೆ ಕೊಡಬೇಕಾದದ್ದು ಬೇರೆಯೇ. ಕಾಯ್ದೆಯ ಅಂಗನಷ್ಟದ ಅನುಸೂಚಿಯ ಪ್ರಕಾರ ಇಡೀ ತೋರುಬೆರಳಿಗೆ ಶೇ 14, ನಡುಬೆರಳಿನ ಒಂದು ಗೆಣ್ಣಿಗೆ ಶೇ 7, ಒಟ್ಟು ಶೇ 21ರಷ್ಟು ದುಡಿಮೆಯ ಸಾಮರ್ಥ್ಯ ನಷ್ಟ. 360ರ ಶೇ 21 ಎಂದರೆ ದಿನಕ್ಕೆ ಸುಮಾರು 75 ರೂಪಾಯಿ, ತಿಂಗಳಿಗೆ ಸುಮಾರು 2,270, ಜೀವನಪರ್ಯಂತ. ವೈದ್ಯಕೀಯ ಮಂಡಳಿ ಈ ಪ್ರಮಾಣವನ್ನು ಅಂತಿಮವಾಗಿ ನಿರ್ಧರಿಸುತ್ತದೆ. ಇಲ್ಲಿರುವ ಅಪಾಯ ಎರಡು. ಒಂದು, ಅಣ್ಣನ ಹೆಸರಿನ ಗೊಂದಲವನ್ನು ಬಗೆಹರಿಸುವವರೆಗೆ ಕಚೇರಿಯಿಂದ ಕಚೇರಿಗೆ ಅಲೆದಾಟ ತಪ್ಪಿದ್ದಲ್ಲ. ಇನ್ನೊಂದು, ಮಾಲೀಕರು ಸಂಬಳವನ್ನು 12,000ದ ಬದಲು ಕಡಿಮೆ ತೋರಿಸಿದ್ದರೆ ಜೀವಮಾನದ ಮೊತ್ತವೂ ಅಷ್ಟೇ ಕುಗ್ಗುತ್ತದೆ. ಸಂಬಳ ಫೋನ್‌ಪೇಯಲ್ಲಿ ಬಂದಿದ್ದರೆ ಅದರ ಸ್ಟೇಟ್‌ಮೆಂಟ್ ಈಗಲೇ ತೆಗೆದಿಡಿ.

ಕಾರ್ಖಾನೆ ಯಾವುದೋ ಕಾರಣಕ್ಕೆ ಇಎಸ್‌ಐ ವ್ಯಾಪ್ತಿಯಲ್ಲಿಲ್ಲ ಎಂದು ನಿಗಮವೇ ಲಿಖಿತವಾಗಿ ಹೇಳಿದರೆ, ಆಗ ನೌಕರರ ಪರಿಹಾರ ಕಾಯ್ದೆಯ ದಾರಿ. ಎರಡರಲ್ಲೂ ಪಡೆಯಲು ಬರುವುದಿಲ್ಲ. ಅಲ್ಲಿ 12,000ದ ಶೇ 60 ಎಂದರೆ 7,200, ಅದನ್ನು 227.49ರಿಂದ ಗುಣಿಸಿ ಶೇ 21 ತೆಗೆದರೆ ಸುಮಾರು 3,44,000 ರೂಪಾಯಿ, ಒಂದೇ ಸಲಕ್ಕೆ. ತಡಮಾಡಿದ್ದಕ್ಕೆ ವರ್ಷಕ್ಕೆ ಶೇ 12ರ ಬಡ್ಡಿ, ಸಮರ್ಥನೀಯ ಕಾರಣವಿಲ್ಲದ ವಿಳಂಬಕ್ಕೆ ದಂಡ, ಚಿಕಿತ್ಸೆಯ ವೆಚ್ಚ ಪ್ರತ್ಯೇಕ. ಅರ್ಜಿ ಹಾಕಲು ಅಪಘಾತದ ದಿನದಿಂದ ಎರಡು ವರ್ಷ ಅವಕಾಶ, ಎಂದರೆ 2027ರ ಜುಲೈವರೆಗೆ. ‘18 ಆಗಲಿ, ಆಮೇಲೆ ನೋಡೋಣ’ ಎಂಬ ಮಾತಿನಲ್ಲಿ ಕಳೆದುಹೋಗುವುದು ಈ ಅವಧಿಯೇ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಕಾರ್ಖಾನೆ, ಇಎಸ್‌ಐ ಮತ್ತು ನೌಕರರ ಪರಿಹಾರದ ಹಳೆಯ ಕಾಯ್ದೆಗಳು ಅವುಗಳಲ್ಲಿ ಸೇರಿಹೋಗಿವೆ. ಆದರೆ ನಿಮ್ಮ ಹುಡುಗನಿಗೆ ಅಪಘಾತವಾದದ್ದು ಅದಕ್ಕೂ ಮೊದಲು, ಆದ್ದರಿಂದ ಅವನ ಹಕ್ಕು ಅಂದಿನ ಕಾಯ್ದೆಗಳನ್ನೇ ಆಧರಿಸಿದೆ.

ಖಾಸಗಿ ರಾಜಿಯ ಆಕರ್ಷಣೆ ನನಗೆ ಅರ್ಥವಾಗುತ್ತದೆ. ಹಣ ಕೂಡಲೇ ಕೈಗೆ ಬರುತ್ತದೆ, ಜಗಳವಿಲ್ಲ. ಆದರೆ ಪರಿಹಾರದ ಹಕ್ಕನ್ನು ಬಿಟ್ಟುಕೊಟ್ಟೆ ಎಂದು ಬರೆದ ಕರಾರು ನೌಕರರ ಪರಿಹಾರ ಕಾಯ್ದೆಯಡಿ ಅನೂರ್ಜಿತ, ಮತ್ತು ಅಪ್ರಾಪ್ತನಿಗೆ ಸಲ್ಲಬೇಕಾದ ಇಡುಗಂಟನ್ನು ಪರಿಹಾರ ಆಯುಕ್ತರಲ್ಲಿ ಠೇವಣಿ ಇಡದೆ ನೇರವಾಗಿ ಕೈಗೆ ಕೊಟ್ಟರೆ ಅದನ್ನು ಪರಿಹಾರ ಕೊಟ್ಟಂತೆ ಎಂದು ಕಾನೂನು ಒಪ್ಪುವುದೇ ಇಲ್ಲ. ಮನೆಯಲ್ಲಿ ತೀರಾ ಕಷ್ಟವಿದ್ದು ಹಣ ಬೇಕೇಬೇಕಾದರೆ, ‘ಚಿಕಿತ್ಸೆ ಮತ್ತು ಮನೆಖರ್ಚಿನ ಮುಂಗಡ’ ಎಂದಷ್ಟೇ ಬರೆದ ರಸೀದಿಗೆ ಪಡೆಯಿರಿ. ಅದಕ್ಕೆ ಒಪ್ಪದವರು ಕೊಡಲು ಬಂದದ್ದು ಸಹಾಯವಲ್ಲ ಎಂದು ತಿಳಿಯಿರಿ. ಪರ್ಮನೆಂಟ್ ಕೆಲಸದ ಭರವಸೆಯನ್ನು ಲೆಕ್ಕಕ್ಕೇ ಹಿಡಿಯಬೇಡಿ.

ದೂರು ಕೊಡುವುದು ಪರಿಹಾರಕ್ಕಿಂತ ಬೇರೆಯ ವಿಷಯ. ಕಾರ್ಖಾನೆಗಳು, ಬಾಯ್ಲರ್‌ಗಳು, ಕೈಗಾರಿಕಾ ಸುರಕ್ಷತೆ ಮತ್ತು ಆರೋಗ್ಯ ಇಲಾಖೆಗೆ ಲಿಖಿತ ದೂರು ಕೊಟ್ಟರೆ ಅವರು ಯಂತ್ರವನ್ನು ಪರಿಶೀಲಿಸಬಹುದು, ಆ ವರದಿ ನಿಮಗೆ ಸಾಕ್ಷಿಯೂ ಆಗುತ್ತದೆ. ನಷ್ಟವೂ ಇದೆ: ಅದೇ ಕಾರ್ಖಾನೆಯಲ್ಲಿರುವ ನಿಮ್ಮೂರಿನವರ ಮೇಲೆ ಒತ್ತಡ ಬರಬಹುದು, ಸಾಕ್ಷಿ ಹೇಳಬೇಕಾದವರೇ ಹಿಂದೆ ಸರಿಯಬಹುದು. ನನ್ನ ಅಭಿಪ್ರಾಯದಲ್ಲಿ ದೂರು ಕೊಡಬೇಕು, ಏಕೆಂದರೆ ಆ ಪ್ರೆಸ್ ಮೇಲೆ ಈಗ ಇನ್ನೊಬ್ಬರು ಕೂತಿರುತ್ತಾರೆ. ಆದರೆ ಅದಕ್ಕೂ ಮೊದಲು ಜೊತೆಯಲ್ಲಿ ಕೆಲಸ ಮಾಡುತ್ತಿದ್ದವರ ಹೆಸರು, ಅಂದಿನ ವಾಟ್ಸ್‌ಆ್ಯಪ್ ಸಂದೇಶಗಳು, ಕಾರ್ಖಾನೆಯೊಳಗೆ ತೆಗೆದ ಫೋಟೊ ಏನಾದರೂ ಇದ್ದರೆ ಎಲ್ಲವನ್ನೂ ಒಟ್ಟುಗೂಡಿಸಿ. ಆಸ್ಪತ್ರೆಯಿಂದ ದಾಖಲಾತಿಯ ಪೂರ್ಣ ಪ್ರತಿ ಪಡೆದು, ಗಾಯ ಹೇಗಾಯಿತು ಎಂದು ಮೊದಲ ಪುಟದಲ್ಲಿ ಏನು ಬರೆದಿದ್ದಾರೆಂದು ನೋಡಿ. ‘ಮನೆಯಲ್ಲಿ ಬಾಗಿಲಿಗೆ ಸಿಕ್ಕಿ’ ಎಂದು ಬರೆಸಿರುವ ಕಡತಗಳು ನನ್ನ ಮೇಜಿಗೆ ಬಂದಿವೆ. ಹಾಗಿದ್ದರೆ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣವೆಂಬ ಆಸ್ಪತ್ರೆಯ ದಾಖಲೆ) ಆಗಿತ್ತೇ, ಯಾರ ಹೇಳಿಕೆಯ ಮೇಲೆ ಹಾಗೆ ಬರೆದರು ಎಂದು ಲಿಖಿತವಾಗಿ ಕೇಳಬೇಕು.

ವಕೀಲರ ಖರ್ಚಿಗೆ ಹೆದರಬೇಡಿ. 18ರೊಳಗಿನವರಿಗೆ, ಮಹಿಳೆಯರಿಗೆ ಮತ್ತು ಕಾರ್ಖಾನೆಯ ಕಾರ್ಮಿಕರಿಗೆ ಆದಾಯ ಎಷ್ಟೇ ಇರಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ದೊರೆಯುತ್ತಾರೆ. ಸಹಾಯವಾಣಿ 15100. ಯಾದಗಿರಿಯ ಕಚೇರಿಯಲ್ಲೇ ವಿಚಾರಿಸಬಹುದು.

ಸರ್ಕಾರಿ ಆಸ್ಪತ್ರೆಯ ಅಂಗವಿಕಲತೆಯ ಪ್ರಮಾಣಪತ್ರವನ್ನೂ ಇದರೊಂದಿಗೆ ಬೆರೆಸಬೇಡಿ. ಯುಡಿಐಡಿ ಕಾರ್ಡಿನ (ಅಂಗವಿಕಲರ ಗುರುತಿನ ಚೀಟಿ) ಹಲವು ಸೌಲಭ್ಯಗಳಿಗೆ ಶೇ 40 ಬೇಕು. ನಿಮ್ಮ ಹುಡುಗನಿಗೆ ಅಷ್ಟು ಬಾರದೇ ಇರಬಹುದು, ಅದನ್ನೇ ಹಿಡಿದು ‘40 ಇಲ್ಲದಿದ್ದರೆ ಪರಿಹಾರವಿಲ್ಲ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕೆಲಸದಲ್ಲಾದ ಗಾಯದ ಪರಿಹಾರಕ್ಕೆ ಅಂಥ ಕನಿಷ್ಠ ಮಿತಿ ಇಲ್ಲ.

ಕೊನೆಯದಾಗಿ ಕೈಯ ವಿಷಯ. ತೋರುಬೆರಳಿಲ್ಲದವರು ಹೆಬ್ಬೆರಳು ಮತ್ತು ನಡುಬೆರಳಿನ ನಡುವೆ ಹಿಡಿಯುವುದನ್ನು ಕಲಿಯುತ್ತಾರೆ, ಚಿಕ್ಕ ವಯಸ್ಸಿನವರು ಬೇಗ ಕಲಿಯುತ್ತಾರೆ. ಅದಕ್ಕೆ ನಡುಬೆರಳಿನ ಮೊಂಡು ತುದಿ ಮುಟ್ಟಿದರೆ ನೋಯದಂತಿರಬೇಕು. ಈಗಲೂ ತುದಿ ಮುಟ್ಟಿದರೆ ಕರೆಂಟ್ ಹೊಡೆದಂತಾಗುತ್ತಿದ್ದರೆ, ಇಲ್ಲದ ಬೆರಳು ರಾತ್ರಿ ಉರಿಯುತ್ತಿದ್ದರೆ, ಅದು ಅವನ ಭ್ರಮೆಯಲ್ಲ, ಕತ್ತರಿಸಿದ ನರದ ತುದಿ ಗಂಟುಕಟ್ಟಿರಬಹುದು, ಅದಕ್ಕೆ ಚಿಕಿತ್ಸೆ ಇದೆ. ಇಎಸ್‌ಐ ಹಕ್ಕು ಸ್ಥಾಪಿತವಾದರೆ ಪೀಣ್ಯ ಅಥವಾ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿ, ಅಲ್ಲಿಯವರೆಗೆ ನಿಮ್ಮ ಜಿಲ್ಲಾ ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ತೋರಿಸಿ, ಕೈಗೆ ಫಿಸಿಯೋಥೆರಪಿ ಬರೆಸಿಕೊಳ್ಳಿ. ಉಳಿದ ಬೆರಳುಗಳು ಮಡಿಚಿಕೊಂಡು ಬಿಗಿಯಾಗುತ್ತಿದ್ದರೆ ಇನ್ನು ತಡಮಾಡುವಂತಿಲ್ಲ. ಅವನು ಖಂಡಿತ ಕೆಲಸ ಮಾಡಬಲ್ಲ, ಆದರೆ ಪ್ರೆಸ್ ಮೇಲೆ ಮತ್ತೆ ಕೂರಬಾರದು. ಎಸ್ಸೆಸ್ಸೆಲ್ಸಿ ಪಾಸಾಗಿರುವುದರಿಂದ ಐಟಿಐನಲ್ಲಿ ಎಲೆಕ್ಟ್ರಾನಿಕ್ಸ್, ಡ್ರಾಫ್ಟ್ಸ್‌ಮನ್ ಅಥವಾ ಕಂಪ್ಯೂಟರಿಗೆ ಸಂಬಂಧಿಸಿದ ಟ್ರೇಡ್‌ಗಳಿಗೆ ಪ್ರಯತ್ನಿಸಬಹುದು. ಅರ್ಜಿ ಹಾಕುವ ಮೊದಲು ಬಲಗೈಯಲ್ಲಿ ಎಷ್ಟು ಹೊತ್ತು ಪೆನ್ನು ಹಿಡಿದು ಬರೆಯಬಲ್ಲ ಎಂಬುದನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಅಳೆಸಿ, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೇಳಲು ಆ ಚೀಟಿಯನ್ನು ಬಳಸಿಕೊಳ್ಳಿ.